‘ನಿಮ್ಮಮ್ಮನನ್ನು ಯಾರಾದರೂ ಎಣಿಸಿದ್ದರಾ?’

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಎಂ.ಎ. ಓದುತ್ತಿದ್ದೇನೆ. ನೈಜೀರಿಯಾದ ಚಿನುವ ಅಚಿಬೆ ಅವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ ಓದಿದೆ. ಅದರಲ್ಲಿ ಹೆಂಗಸರಿಗೆ ದನಿಯೇ ಇಲ್ಲ ಅನ್ನಿಸಿತು. ಸ್ನೇಹಿತರ ಜೊತೆ ಮಾತಾಡುವಾಗ ಒಬ್ಬರು, ‘ಆಫ್ರಿಕಾದಲ್ಲಿ ಸ್ತ್ರೀವಾದ ಅನ್ನೋದು ಯುರೋಪಿನಿಂದ ಬಂದದ್ದು’ ಎಂದರು. ಇನ್ನೊಬ್ಬರು, ‘ಬಿಳಿಯರು ಬರುವ ಮೊದಲು ಅಲ್ಲಿ ಹೆಣ್ಣಿಗೆ ಯಾವ ತೊಂದರೆಯೂ ಇರಲಿಲ್ಲ’ ಎಂದರು. ಯಾವುದು ಸರಿ? ಅಲ್ಲಿನ ಕಾದಂಬರಿ, ನಾಟಕಗಳು ಏನು ಹೇಳುತ್ತವೆ? ಎಲ್ಲಿಂದ ಓದಲು ಶುರು ಮಾಡಲಿ?

ಉತ್ತರ: ಎರಡೂ ಸರಿಯಲ್ಲ. ಈ ಎರಡು ಮಾತನ್ನೂ ಒಪ್ಪದ ಹೆಂಗಸರೇ ಆಫ್ರಿಕಾದ ಅತ್ಯುತ್ತಮ ಕಾದಂಬರಿ, ನಾಟಕಗಳಲ್ಲಿ ಕೆಲವನ್ನು ಬರೆದಿದ್ದಾರೆ. ಆಫ್ರಿಕಾ ಅಂದರೆ 54 ದೇಶ, ಸಾವಿರಕ್ಕೂ ಹೆಚ್ಚು ಭಾಷೆ. ಎಲ್ಲದರ ಬಗ್ಗೆ ಒಂದೇ ಉಸಿರಿಗೆ ಹೇಳಲು ಆಗುವುದಿಲ್ಲ. ನಾನು ಜಾಸ್ತಿ ಓದಿರುವುದು, ಪಾಠ ಮಾಡಿರುವುದು ನೈಜೀರಿಯಾ ಮತ್ತು ಘಾನಾದ ಬರಹ. ಅಲ್ಲಿಂದಲೇ ಹೇಳುತ್ತೇನೆ.

ಮೊದಲು ನಿಮ್ಮ ಅಚಿಬೆಗೆ ಬರೋಣ. 1958ರ ಆ ಕಾದಂಬರಿಯನ್ನು ಇನ್ನೊಮ್ಮೆ ತೆರೆದು ‘ಅಗ್ಬಾಲ’ ಎಂಬ ಪದ ಎಲ್ಲೆಲ್ಲಿ ಬರುತ್ತದೆ ನೋಡಿ. ಚಿಕ್ಕವನಿದ್ದಾಗ ಕಥಾನಾಯಕ ಒಕೊಂಕ್ವೊಗೆ ಜೊತೆ ಹುಡುಗನೊಬ್ಬ ‘ನಿಮ್ಮಪ್ಪ ಅಗ್ಬಾಲ’ ಎನ್ನುತ್ತಾನೆ. ಆ ಪದಕ್ಕೆ ಹೆಂಗಸು ಎಂಬ ಅರ್ಥವಿದೆ, ಊರಿನಲ್ಲಿ ಯಾವ ಬಿರುದೂ ಪಡೆಯದ ಗಂಡಸು ಎಂಬ ಅರ್ಥವೂ ಇದೆ ಅಂತ ಅವನಿಗೆ ತಿಳಿಯುವುದು ಆಗಲೇ. ಆ ಒಂದು ಬೈಗುಳ ಅವನ ಇಡೀ ಬದುಕನ್ನು ಓಡಿಸುತ್ತದೆ. ಆದರೆ ಊರೆಲ್ಲ ಹೆದರುವ ಬೆಟ್ಟದ ಗುಹೆಯ ದೈವದ ಹೆಸರೂ ಅಗ್ಬಾಲವೇ. ಆ ದೈವದ ಪೂಜಾರಿಣಿ ಚಿಯೆಲೊ ಒಂದು ರಾತ್ರಿ ಬಂದು ಒಕೊಂಕ್ವೊನ ಮುದ್ದಿನ ಮಗಳು ಎಜಿನ್ಮಾಳನ್ನು ಬೆನ್ನ ಮೇಲೆ ಹೊತ್ತುಕೊಂಡು ಕತ್ತಲಲ್ಲಿ ಹೊರಟುಬಿಡುತ್ತಾಳೆ. ಯಾರಿಗೂ ಬಗ್ಗದ ಗಂಡಸು ಅವಳ ಹಿಂದೆ ಮಚ್ಚು ಹಿಡಿದು ಹೋಗಬಹುದು, ಅಷ್ಟೇ. ತಡೆಯಲು ಆಗುವುದಿಲ್ಲ. ಒಕೊಂಕ್ವೊ ಹೆಂಗಸರನ್ನು ಹೇಗೆ ನೋಡುತ್ತಾನೋ ಕಾದಂಬರಿ ಹಾಗೆಯೇ ನೋಡುವುದಿಲ್ಲ.

ಆದರೂ ನಿಮ್ಮ ತಕರಾರು ನಿಜ. ಚಿಯೆಲೊ ಬೆಳಗಾದ ಮೇಲೆ ಏನು ಯೋಚಿಸುತ್ತಾಳೆ ಅಂತ ಅಚಿಬೆ ಹೇಳುವುದಿಲ್ಲ. ಸಂತೆಯಲ್ಲಿ ಅವಳೂ ಎಲ್ಲರಂತೆ ವ್ಯಾಪಾರ ಮಾಡುವ, ಎರಡು ಮಕ್ಕಳ ವಿಧವೆ. ಅವಳ ತಲೆಯೊಳಗೆ ನಮಗೆ ಪ್ರವೇಶ ಇಲ್ಲ. ಅದನ್ನು ಬೇರೆಯವರು ಬರೆಯಬೇಕಾಯಿತು.

ಅಚಿಬೆಯ ಸೀಮೆಯಲ್ಲೇ, ಅಂದರೆ ನೈಜೀರಿಯಾದ ಆಗ್ನೇಯದಲ್ಲಿ ಇಗ್ಬೋ ಭಾಷೆಯ ಜನ ಇರುವ ಕಡೆ, ನಡೆದ ಒಂದು ಘಟನೆ ಹೇಳುತ್ತೇನೆ. 1929ರ ನವೆಂಬರ್. ಒಲೊಕೊ ಎಂಬ ಊರು. ನ್ವಾನ್ಯೆರುವಾ ಎಂಬ ವಿಧವೆ ಅಂಗಳದಲ್ಲಿ ತಾಳೆ ಹಣ್ಣು ಹಿಂಡಿ ಎಣ್ಣೆ ತೆಗೆಯುತ್ತಿದ್ದಳು. ಬ್ರಿಟಿಷರು ನೇಮಿಸಿದ್ದ ಊರ ಮುಖ್ಯಸ್ಥನ ಕಡೆಯವನೊಬ್ಬ ಬಂದು, ‘ನಿನ್ನ ಆಡು, ಕುರಿ, ಮನೆಮಂದಿ ಎಷ್ಟಿದ್ದಾರೆ, ಎಣಿಸು’ ಎಂದ. ಹಿಂದಿನ ವರ್ಷವಷ್ಟೇ ಗಂಡಸರ ಮೇಲೆ ತೆರಿಗೆ ಬಿದ್ದಿತ್ತು. ಈಗ ಹೆಂಗಸರ ಸರದಿ ಅಂತ ಅವಳಿಗೆ ಅರ್ಥವಾಯಿತು. ಅವಳು ತಿರುಗಿ ಕೇಳಿದ್ದು ಇಷ್ಟು: ‘ನಿಮ್ಮಮ್ಮನನ್ನು ಯಾರಾದರೂ ಎಣಿಸಿದ್ದರಾ?’ ಮಾತು ಕೈಗೆ ಹತ್ತಿತು. ಅವಳು ಓಡಿಹೋಗಿ ಹೆಂಗಸರ ಸಭೆಗೆ ಹೇಳಿದಳು. ತಾಳೆಗರಿ ಕೈಯಿಂದ ಕೈಗೆ ದಾಟುತ್ತಾ ಊರಿಂದೂರಿಗೆ ಸುದ್ದಿ ಹೋಯಿತು. ಸಾವಿರಾರು ಹೆಂಗಸರು ಎದ್ದರು. ಗುಂಡೇಟಿಗೆ ಐವತ್ತಕ್ಕೂ ಹೆಚ್ಚು ಹೆಂಗಸರು ಸತ್ತರು.

ಬ್ರಿಟಿಷರ ಕಡತದಲ್ಲಿ ಇದು ‘ಅಬಾ ದಂಗೆ’. ಇಗ್ಬೋ ಭಾಷೆಯಲ್ಲಿ ‘ಹೆಂಗಸರ ಯುದ್ಧ’. ಈ ಹೆಂಗಸರು ಯುರೋಪಿನ ಪುಸ್ತಕ ಓದಿ ಎದ್ದವರಲ್ಲ. ಅವರಲ್ಲಿ ಮೊದಲೇ ಒಂದು ಪದ್ಧತಿ ಇತ್ತು. ಹೆಂಡತಿಗೆ ಹೊಡೆದವನ, ಸಂತೆಯ ನಿಯಮ ಮುರಿದವನ ಮನೆ ಮುಂದೆ ಊರ ಹೆಂಗಸರೆಲ್ಲ ಸೇರುತ್ತಿದ್ದರು. ಒನಕೆ ಕುಟ್ಟುತ್ತಾ, ಅವನನ್ನು ಹಾಡಿನಲ್ಲೇ ಬೈಯುತ್ತಾ, ಅವನು ತಪ್ಪೊಪ್ಪುವ ತನಕ ಬಿಡುತ್ತಿರಲಿಲ್ಲ. ಅದಕ್ಕೆ ‘ಗಂಡಸಿನ ಮೇಲೆ ಕೂರುವುದು’ ಅಂತ ಹೆಸರು. ನಿಮ್ಮ ಮೊದಲ ಸ್ನೇಹಿತರಿಗೆ ಇದೇ ಉತ್ತರ.

ಎರಡನೆಯವರಿಗೆ? ಇಫಿ ಅಮಾದಿಯುಮೆ ಎಂಬ ನೈಜೀರಿಯಾದ ವಿದ್ವಾಂಸೆ 1987ರಲ್ಲಿ ತಮ್ಮ ನ್ನೋಬಿ ಊರಿನ ಬಗ್ಗೆ ಒಂದು ಪುಸ್ತಕ ಬರೆದರು. ಗಂಡು ಮಗ ಇಲ್ಲದ ಮನೆಯಲ್ಲಿ ಮಗಳನ್ನೇ ಮಗನ ಸ್ಥಾನದಲ್ಲಿ ನಿಲ್ಲಿಸಿ ಆಸ್ತಿ ಕೊಡುತ್ತಿದ್ದರು. ದುಡ್ಡಿದ್ದ ಹೆಂಗಸು ಇನ್ನೊಬ್ಬ ಹೆಂಗಸನ್ನು ಹೆಂಡತಿಯಾಗಿ ತಂದುಕೊಳ್ಳಬಹುದಿತ್ತು. ದೇಹ ಹೆಣ್ಣಿನದು, ಸ್ಥಾನ ಗಂಡನದು. ಅಂದರೆ ದೇಹ ಬೇರೆ, ಸಮಾಜ ಕೊಡುವ ಪಾತ್ರ ಬೇರೆ ಅನ್ನುವುದು ಅಲ್ಲಿ ಬದುಕಿನಲ್ಲೇ ಇತ್ತು. ಕೇಳಲು ಚೆಂದ. ಆದರೆ ಹಾಗೆ ಬಂದ ‘ಹೆಂಡತಿ’ಯ ದುಡಿಮೆ, ಅವಳು ಹೆತ್ತ ಮಕ್ಕಳು ಎಲ್ಲವೂ ಆ ಶ್ರೀಮಂತ ಹೆಂಗಸಿಗೇ ಸೇರುತ್ತಿದ್ದವು. ಒಬ್ಬಳು ಮೇಲೇರಿದ್ದು ಇನ್ನೊಬ್ಬಳ ಬೆನ್ನು ತುಳಿದು. ಇದನ್ನು ಸುಮ್ನೆ ‘ಸುವರ್ಣ ಕಾಲ’ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಭಾಷೆಯ ವಿಷಯವೂ ಇದೆ. ನೈಜೀರಿಯಾದ ಇನ್ನೊಂದು ದೊಡ್ಡ ಭಾಷೆ ಯೊರುಬಾ. ನಾವು ಅಣ್ಣ, ಅಕ್ಕ, ತಮ್ಮ, ತಂಗಿ ಎಂದು ನಾಲ್ಕು ಪದ ಬಳಸುವಲ್ಲಿ ಅವರಿಗೆ ಎರಡೇ ಸಾಕು. ತನಗಿಂತ ದೊಡ್ಡವರೆಲ್ಲ ‘ಎಗ್ಬೊನ್’, ಚಿಕ್ಕವರೆಲ್ಲ ‘ಅಬುರೊ’. ಗಂಡೋ ಹೆಣ್ಣೋ ಅಂತ ಆ ಪದ ಹೇಳುವುದಿಲ್ಲ. ‘ಅವನು’, ‘ಅವಳು’ ಎರಡಕ್ಕೂ ಒಂದೇ ಸರ್ವನಾಮ. ಒಯೆರೊಂಕೆ ಒಯೆವುಮಿ ಎಂಬ ನೈಜೀರಿಯಾದ ವಿದ್ವಾಂಸೆ 1997ರಲ್ಲಿ ಇದನ್ನೇ ಹಿಡಿದು, ಯೊರುಬಾ ಸಮಾಜ ಜನರನ್ನು ವಿಂಗಡಿಸುತ್ತಿದ್ದುದು ವಯಸ್ಸಿನಿಂದ, ‘ಹೆಂಗಸು’ ಎಂಬ ಪ್ರತ್ಯೇಕ ಗುಂಪನ್ನು ಮಾಡಿದ್ದು ವಸಾಹತುಶಾಹಿ ಎಂದು ವಾದಿಸಿದರು. ಬೀಬಿ ಬಕಾರೆ-ಯೂಸುಫ್ ಅವರಂಥವರು ಇದನ್ನು ಒಪ್ಪಲಿಲ್ಲ. ವ್ಯಾಕರಣದಲ್ಲಿ ಭೇದ ಇಲ್ಲ ಎಂದ ಮಾತ್ರಕ್ಕೆ ಮನೆಯಲ್ಲಿ ಭೇದ ಇರಲಿಲ್ಲ ಎನ್ನಲಾಗದು ಅನ್ನುವುದು ಅವರ ಮಾತು. ನನಗೂ ಅವರ ಮಾತೇ ಸರಿ ಕಾಣುತ್ತದೆ. ಆದರೆ ಒಯೆವುಮಿ ಓದಿದ ಮೇಲೆ ನಾನು ‘ಹೆಂಗಸು’ ಎಂಬ ಪದವನ್ನು ಮೊದಲಿನಷ್ಟು ಸಲೀಸಾಗಿ ಬಳಸಲಾರೆ.

ಇನ್ನು ಕಾದಂಬರಿಗೆ ಬರೋಣ. 1966ರಲ್ಲಿ ಫ್ಲೋರಾ ನ್ವಾಪಾ ಅವರ ‘ಎಫುರು’ ಬಂತು. ಎಫುರು ಚೆಲುವೆ, ಜಾಣೆ, ಅವಳು ಕೈ ಹಾಕಿದ ವ್ಯಾಪಾರವೆಲ್ಲ ಲಾಭ. ಎರಡು ಮದುವೆ ಆಗುತ್ತದೆ, ಎರಡೂ ನಿಲ್ಲುವುದಿಲ್ಲ. ಇದ್ದ ಒಂದು ಮಗು ತೀರಿಹೋಗುತ್ತದೆ. ಕೊನೆಗೆ ಅವಳು ಊರ ಕೆರೆಯ ದೇವತೆ ಉಹಮಿರಿಯನ್ನು ಪೂಜಿಸುವವಳಾಗುತ್ತಾಳೆ. ಕಾದಂಬರಿಯ ಕೊನೆಯ ಸಾಲುಗಳಲ್ಲಿ ಎಫುರು ಆ ದೇವತೆಯನ್ನು ಕನಸಿನಲ್ಲಿ ಕಾಣುತ್ತಾಳೆ. ಅವಳು ಹೆಂಗಸರಿಗೆ ರೂಪ ಕೊಟ್ಟಳು, ಐಶ್ವರ್ಯ ಕೊಟ್ಟಳು. ಆದರೆ ಅವಳಿಗೇ ಮಕ್ಕಳಿರಲಿಲ್ಲ, ತಾಯ್ತನದ ಸುಖ ಅವಳಿಗೆ ಗೊತ್ತಿರಲಿಲ್ಲ. ಹಾಗಾದರೆ ಹೆಂಗಸರು ಅವಳನ್ನು ಯಾಕೆ ಪೂಜಿಸುತ್ತಿದ್ದರು? ಈ ಪ್ರಶ್ನೆಯಲ್ಲೇ ಕಾದಂಬರಿ ಮುಗಿಯುತ್ತದೆ.

ಹದಿಮೂರು ವರ್ಷದ ನಂತರ, 1979ರಲ್ಲಿ ಬುಚಿ ಎಮೆಚೆಟಾ ಆ ಸಾಲಿನೊಳಗಿನ ‘ತಾಯ್ತನದ ಸುಖ’ವನ್ನೇ ಎತ್ತಿಕೊಂಡು ತಮ್ಮ ಕಾದಂಬರಿಗೆ ಹೆಸರಿಟ್ಟರು: ‘ದ ಜಾಯ್ಸ್ ಆಫ್ ಮದರ್‌ಹುಡ್’. ಅಕ್ಕ ಕೇಳಿದ ಪ್ರಶ್ನೆಗೆ ತಂಗಿ ಉತ್ತರ ಕೊಟ್ಟ ಹಾಗೆ. ಇದರ ನಾಯಕಿ ನ್ನು ಎಗೊಗೆ ಮಕ್ಕಳ ಭಾಗ್ಯವೇನೋ ಸಿಗುತ್ತದೆ, ಬೇಕಾದಷ್ಟು. ಹಳ್ಳಿಯಿಂದ ಲಾಗೋಸ್ ಪಟ್ಟಣಕ್ಕೆ ಬಂದರೆ ಗಂಡ ನ್ನೈಫೆ ಬಿಳಿಯರ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸದವನು. ಬಿಳಿ ಹೆಂಗಸಿನ ಒಳಉಡುಪು ಒಗೆಯುವವನೂ ಒಬ್ಬ ಗಂಡಸೇ ಅಂತ ಅವಳಿಗೆ ಹೇಸಿಗೆ. ಆಗ ಪಕ್ಕದಲ್ಲಿದ್ದ ಅಡುಗೆಯವನ ಹೆಂಡತಿ ಕಾರ್ಡೀಲಿಯಾ ಅವಳಿಗೆ ಬುದ್ಧಿ ಹೇಳುತ್ತಾಳೆ. ನಮ್ಮ ಗಂಡಂದಿರೆಲ್ಲ ಆಳುಗಳು, ಯಜಮಾನ ಅವರ ಮೇಲೆ ಸಿಟ್ಟು ತೀರಿಸಿದರೆ ಅವರು ನಮ್ಮ ಮೇಲೆ ತೀರಿಸುತ್ತಾರೆ ಅನ್ನುವುದು ಅದರ ತಾತ್ಪರ್ಯ. ಹಳ್ಳಿಯ ಗಂಡಸಿಗೆ ದರ್ಪ ಇತ್ತು, ಜೊತೆಗೆ ಹೊಲ, ಕುಲ, ಹೊಣೆಗಾರಿಕೆ ಕೂಡ ಇತ್ತು. ಪಟ್ಟಣ ಹೊಲ, ಕುಲವನ್ನು ಕಿತ್ತುಕೊಂಡು ದರ್ಪವನ್ನು ಮಾತ್ರ ಉಳಿಸಿತು. ಎರಡು ಕಾಲದ ಭಾರವೂ ಹೆಂಗಸಿನ ತಲೆಗೇ ಬಂತು.

ಅವಳ ಸಾವಿನ ಭಾಗವನ್ನು ನಾನು ತರಗತಿಯಲ್ಲಿ ಗಟ್ಟಿಯಾಗಿ ಓದಲು ಹೋಗಿ ಅರ್ಧಕ್ಕೆ ನಿಲ್ಲಿಸಿದ್ದೇನೆ. ಸೌದೆ, ಸಿಗರೇಟು ಮಾರಿ ಓದಿಸಿದ ದೊಡ್ಡ ಮಗ ಅಮೆರಿಕದಲ್ಲಿ. ಇನ್ನೊಬ್ಬ ಕೆನಡಾದಲ್ಲಿ. ಅವಳು ಒಂದು ರಾತ್ರಿ ಮನೆ ತಲುಪಿದೆ ಅಂದುಕೊಂಡು ರಸ್ತೆ ಬದಿಯಲ್ಲೇ ಮಲಗುತ್ತಾಳೆ, ಅಲ್ಲೇ ಸಾಯುತ್ತಾಳೆ. ಕೈ ಹಿಡಿಯಲು ಒಂದು ಮಗುವೂ ಹತ್ತಿರ ಇಲ್ಲ. ಆಮೇಲೆ ಎಲ್ಲರೂ ಬರುತ್ತಾರೆ. ಊರೇ ಕಾಣದಂಥ ಅದ್ದೂರಿ ಅಂತ್ಯಕ್ರಿಯೆ ಮಾಡುತ್ತಾರೆ. ಮೊಮ್ಮಕ್ಕಳಿಗೆ ಬಂಜೆತನ ಬಂದರೆ ಬೇಡಿಕೊಳ್ಳಲಿ ಎಂದು ಗುಡಿಯನ್ನೂ ಕಟ್ಟುತ್ತಾರೆ. ಆದರೆ ಯಾರೆಷ್ಟು ಬೇಡಿದರೂ ನ್ನು ಎಗೊ ಮಕ್ಕಳನ್ನು ಕೊಡುವುದಿಲ್ಲ. ಬದುಕಿರುವಾಗ ಅವಳು ಒಮ್ಮೆಯೂ ‘ಇಲ್ಲ’ ಎಂದು ಪೂರ್ತಿ ಹೇಳಲಾಗಲಿಲ್ಲ. ಸತ್ತ ಮೇಲೆ ಹೇಳಿದಳು.

ಎಮೆಚೆಟಾಗೆ ಇದು ಪುಸ್ತಕದ ವಿಚಾರವಲ್ಲ. ಲಂಡನ್ನಿನಲ್ಲಿ ಅವರ ಗಂಡ ಅವರ ಮೊದಲ ಹಸ್ತಪ್ರತಿಯನ್ನು ಸುಟ್ಟುಹಾಕಿದ್ದ. ಅವನನ್ನು ಬಿಟ್ಟು ಹೊರಬಂದು, ಐದು ಮಕ್ಕಳನ್ನು ಸಾಕುತ್ತಾ, ದುಡಿದು, ಓದಿ, ಆ ಪುಸ್ತಕವನ್ನು ಮತ್ತೆ ಬರೆದರು. ಆದರೂ ಅವರು ಸ್ತ್ರೀವಾದಿ ಎಂಬ ಹಣೆಪಟ್ಟಿಯನ್ನು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಯುರೋಪಿನ ಸ್ತ್ರೀವಾದದಲ್ಲಿ ಬಡತನ, ಬಣ್ಣ, ಕೂಡುಕುಟುಂಬ ಇವಕ್ಕೆ ಜಾಗ ಸಾಲದು ಎಂದು ಅನೇಕರಿಗೆ ಅನ್ನಿಸಿತ್ತು.

ಸೆನೆಗಲ್‌ನ ಮರಿಯಾಮಾ ಬಾ ಅವರ ‘ಸೋ ಲಾಂಗ್ ಎ ಲೆಟರ್’ ಕೂಡ ಅದೇ 1979ರದ್ದು, ಮೂಲ ಫ್ರೆಂಚ್. ಗಂಡ ಸತ್ತು ಇದ್ದತ್ ಕೂತಿರುವ ರಮತುಲಾಯಿ ಗೆಳತಿಗೆ ಬರೆಯುವ ಪತ್ರವೇ ಕಾದಂಬರಿ. ಇದ್ದತ್ ಎಂದರೆ ಏನು ಎಂದು ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರನ್ನು ಓದಿದ ಕನ್ನಡಿಗರಿಗೆ ನಾನು ವಿವರಿಸಬೇಕಿಲ್ಲ. ಗಂಡ ಸತ್ತ ಹೆಣ್ಣು ಮನೆಯೊಳಗೇ ಕಳೆಯುವ ನಾಲ್ಕು ತಿಂಗಳು ಹತ್ತು ದಿನ. ಅವಳ ಗಂಡ ಹಿಂದೆಯೇ ಮಗಳ ಗೆಳತಿಯನ್ನು ಎರಡನೇ ಮದುವೆಯಾಗಿದ್ದ. ಈಗ ನಲವತ್ತನೇ ದಿನದ ಕಾರ್ಯ ಮುಗಿದದ್ದೇ ಗಂಡನ ಅಣ್ಣ ಬಂದು, ನಿನ್ನನ್ನು ನಾನೇ ಮದುವೆಯಾಗುತ್ತೇನೆ ಎಂದು ಗತ್ತಿನಲ್ಲಿ ಹೇಳುತ್ತಾನೆ. ವರ್ಷಗಟ್ಟಲೆ ಬಾಯಿ ಬಿಡದವಳ ದನಿ ಅಲ್ಲಿ ಸಿಡಿಯುತ್ತದೆ. ಆ ಎರಡು ಪುಟಕ್ಕಾದರೂ ಆ ಪುಸ್ತಕ ಓದಿ.

ಈಗ ನಾಟಕ. ನನ್ನ ಮನಸ್ಸಿಗೆ ತೀರ ಹತ್ತಿರದ್ದು ಘಾನಾದ ಅಮಾ ಅಟಾ ಐಡೂ ಅವರ ‘ಅನೋವಾ’, 1970ರಲ್ಲಿ ಪ್ರಕಟವಾದದ್ದು. ಐಡೂ 1964ರಲ್ಲಿ, ಇನ್ನೂ ವಿದ್ಯಾರ್ಥಿನಿ ಆಗಿದ್ದಾಗಲೇ, ‘ದ ಡೈಲೆಮಾ ಆಫ್ ಎ ಘೋಸ್ಟ್’ ಎಂಬ ನಾಟಕವನ್ನು ಆಡಿಸಿದ್ದರು. ಮುಂದೆ 1982ರಲ್ಲಿ ದೇಶದ ಶಿಕ್ಷಣ ಮಂತ್ರಿಯಾದರು, ಅಂದುಕೊಂಡದ್ದು ಮಾಡಲು ಆಗದೆ ಬಿಟ್ಟುಬಂದರು. 2023ರ ಮೇ 31ರಂದು ತೀರಿಕೊಂಡರು.

‘ಅನೋವಾ’ ನಡೆಯುವುದು 1870ರ ದಶಕದಲ್ಲಿ. ಯೆಬಿ ಎಂಬ ಹಳ್ಳಿಯ ಹುಡುಗಿ ಅನೋವಾ ಬಂದ ಗಂಡುಗಳನ್ನೆಲ್ಲ ಬೇಡ ಅನ್ನುತ್ತಾಳೆ. ಕೊನೆಗೆ ತಾನೇ ಒಬ್ಬನನ್ನು ಒಪ್ಪುತ್ತಾಳೆ, ಹೆಸರು ಕೋಫಿ ಅಕೊ. ಅಮ್ಮ ಬದುವಾಗೆ ಅವನು ಕೆಲಸಕ್ಕೆ ಬಾರದವನು. ಇದು ಘಾನಾದಲ್ಲಿ ಹಳೆಯ ಅಜ್ಜಿ ಕತೆ. ಮಾತು ಕೇಳದ ಹುಡುಗಿ ಚೆಂದದ ಅಪರಿಚಿತನ ಹಿಂದೆ ಹೋಗಿ ಕೆಡುತ್ತಾಳೆ ಎಂಬ ನೀತಿ ಕತೆ. ಐಡೂ ಆ ಕತೆಯನ್ನು ಇಟ್ಟುಕೊಂಡೇ ನೀತಿಯನ್ನು ಪಲ್ಟಿ ಹೊಡೆಸುತ್ತಾರೆ.

ಗಂಡ ಹೆಂಡತಿ ಮಳೆಯಲ್ಲಿ ನೆನೆಯುತ್ತಾ, ಚರ್ಮದ ಹೊರೆ ಹೊತ್ತು ಕರಾವಳಿಗೆ ಮಾರಲು ಹೋಗುತ್ತಾರೆ. ಅನೋವಾಗೆ ಆ ದುಡಿಮೆಯೇ ಖುಷಿ. ಕೋಫಿ ಅಕೊಗೆ ಸಾಕಾಗುತ್ತದೆ. ಆಳುಗಳನ್ನು ಕೊಂಡುಕೊಳ್ಳೋಣ ಎನ್ನುತ್ತಾನೆ. ಮನುಷ್ಯರನ್ನು ಕೊಂಡು ಉದ್ಧಾರ ಆದವರಿಲ್ಲ ಎಂದು ಅವಳು ಬೇಡುತ್ತಾಳೆ. ಅವನು ಕೇಳುವುದಿಲ್ಲ. ಮೂರನೇ ಭಾಗದಲ್ಲಿ ಅವನು ಆ ಸೀಮೆಗೇ ಶ್ರೀಮಂತ. ಗೋಡೆಯ ಮೇಲೆ ವಿಕ್ಟೋರಿಯಾ ರಾಣಿಯ ಚಿತ್ರ. ನಡುವೆ ಬಂಗಾರದ ಬಣ್ಣದ ಕುರ್ಚಿ. ಪುಟ್ಟ ಅವಳಿ ಹುಡುಗರಿಬ್ಬರು, ಗುಲಾಮರು, ಖಾಲಿ ಕುರ್ಚಿಗೆ ಗಾಳಿ ಬೀಸುತ್ತಿದ್ದಾರೆ. ಆ ಮನೆಯೊಡತಿ ಬರಿಗಾಲಲ್ಲಿ, ಹಳೇ ಬಟ್ಟೆಯಲ್ಲಿ ಓಡಾಡುತ್ತಾಳೆ.

ಅವಳಿಗೆ ಬಾಲ್ಯದ ಒಂದು ನೆನಪು. ಅಜ್ಜಿ ಸಮುದ್ರ ತೀರದ ದೊಡ್ಡ ಕೋಟೆಮನೆಗಳ ಬಗ್ಗೆ, ದಡಕ್ಕೆ ಬಂದ ಬಿಳಿಚಿಕೊಂಡ ಮನುಷ್ಯರ ಬಗ್ಗೆ ಹೇಳಿದ್ದಳು. ಅವರು ಕರೆದುಕೊಂಡು ಹೋದವರು ಏನಾದರು ಅಂತ ಹುಡುಗಿ ಕೇಳಿದರೆ ಅಜ್ಜಿ ಹೆದರುತ್ತಾಳೆ. ಅದನ್ನೆಲ್ಲ ಈಗ ಯಾರೂ ಮಾತಾಡುವುದಿಲ್ಲ, ಒಳ್ಳೆಯವರು ಮರೆತುಬಿಟ್ಟಿದ್ದಾರೆ ಎನ್ನುತ್ತಾಳೆ. ಆ ರಾತ್ರಿ ಹುಡುಗಿಗೆ ಒಂದು ಕನಸು. ತಾನೇ ದೊಡ್ಡದೊಂದು ಹೆಂಗಸಾಗಿದ್ದೇನೆ, ನನ್ನ ಮೈಯಿಂದ ಗಂಡಸರು, ಹೆಂಗಸರು, ಮಕ್ಕಳು ಸುರಿಯುತ್ತಿದ್ದಾರೆ, ಸಮುದ್ರ ಕುದಿಯುತ್ತಿದೆ, ನಳ್ಳಿಗಳಂಥವು ಬಂದು ಅವರನ್ನು ಹರಿದು ಹಾಕುತ್ತಿವೆ.

ಮಕ್ಕಳಿಲ್ಲ ಎಂದು ಊರು ಆಡಿಕೊಂಡ ಹೆಣ್ಣಿನ ಕನಸು ಇದು ಎನ್ನುವುದನ್ನು ಮರೆಯಬೇಡಿ. ಅವಳು ಹೆತ್ತದ್ದು ಇಡೀ ಕಳೆದುಹೋದ ಜನಾಂಗವನ್ನು. ತಾಯ್ತನ ಎಂಬ ಪದವನ್ನು ನ್ವಾಪಾ ಪ್ರಶ್ನೆ ಮಾಡಿದರು, ಎಮೆಚೆಟಾ ಸುಲಿದು ತೋರಿಸಿದರು. ಐಡೂ ಅದನ್ನು ಇತಿಹಾಸದಷ್ಟು ದೊಡ್ಡದು ಮಾಡಿದರು. ಗುಲಾಮಿ ವ್ಯಾಪಾರದಲ್ಲಿ ತಮ್ಮವರದೂ ಕೈ ಇತ್ತು ಎಂದು ಹೇಳುವ ಧೈರ್ಯವನ್ನು ಅವರು ಕೊಟ್ಟದ್ದು ಊರು ‘ಹುಚ್ಚಿ’ ಎನ್ನುವ ಹೆಣ್ಣಿಗೆ. ಹೆಂಡತಿಯ ಕೆಲಸ ಏನು ಎಂಬ ಪ್ರಶ್ನೆ, ಮನುಷ್ಯನನ್ನು ಮನುಷ್ಯ ಕೊಳ್ಳಬಹುದೇ ಎಂಬ ಪ್ರಶ್ನೆ ಎರಡೂ ಇಲ್ಲಿ ಒಂದೇ ಆಗಿಬಿಡುತ್ತವೆ. ಹೆಣ್ಣು ಗಂಡಿನ ವಿಷಯವನ್ನು ಬೇರೆ ಡಬ್ಬಿಯಲ್ಲಿ ಇಡಲಾಗದು ಎಂದು ನನಗೆ ಕಲಿಸಿದ್ದು ಈ ನಾಟಕ.

ಜಿಂಬಾಬ್ವೆಯ ಸಿತ್ಸಿ ಡಂಗರೆಂಬ್ಗಾ ಅವರ ‘ನರ್ವಸ್ ಕಂಡಿಷನ್ಸ್’ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ನೀವು ಓದಿಯೇ ಓದುತ್ತೀರಿ. 1988ರ ಆ ಕಾದಂಬರಿ ಶುರುವಾಗುವುದೇ ತನ್ನ ಅಣ್ಣ ಸತ್ತದ್ದಕ್ಕೆ ತನಗೆ ದುಃಖ ಆಗಲಿಲ್ಲ ಎಂಬ ಹುಡುಗಿಯ ಮಾತಿನಿಂದ. ಅವನ ಫೀಸಿಗೆ ದುಡ್ಡು ಸಿಗುತ್ತದೆ, ಅವಳದಕ್ಕೆ ಇಲ್ಲ. ತಾಂಬು ತಾನೇ ಮೆಕ್ಕೆಜೋಳ ಬೆಳೆದು ಫೀಸು ಕಟ್ಟಲು ಹೊರಡುತ್ತಾಳೆ. ಆ ತೆನೆಗಳನ್ನು ಕದ್ದವನು ಅದೇ ಅಣ್ಣ. ಮನೆಯೊಳಗಿನ ಅನ್ಯಾಯವನ್ನು ಇಷ್ಟು ಚಿಕ್ಕ ವಸ್ತುವಿನಲ್ಲಿ, ಇಷ್ಟು ಸ್ಪಷ್ಟವಾಗಿ ತೋರಿಸಿದ ಬರಹ ಕಡಿಮೆ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಇಂದು ಆಫ್ರಿಕಾದ ಹಲವು ನಾಯಕರು ಸಲಿಂಗ ಪ್ರೀತಿ ‘ಪಾಶ್ಚಾತ್ಯ ಆಮದು’ ಎನ್ನುತ್ತಾರೆ. ಆದರೆ ‘ಪ್ರಕೃತಿಯ ನಿಯಮಕ್ಕೆ ವಿರುದ್ಧ’ ಎಂಬ ಕಾನೂನಿನ ಮಾತು ನಮಗೂ ಗೊತ್ತು, ಅಲ್ವಾ? ಬ್ರಿಟಿಷರು 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಲ್ಲಿ ಬರೆದ ಮಾತೇ ಕೀನ್ಯಾ, ಉಗಾಂಡ, ನೈಜೀರಿಯಾದ ಕಾನೂನುಗಳಲ್ಲೂ ಕೂತಿತು. ಆಮದಾದದ್ದು ಶಿಕ್ಷೆ. 2014ರ ಜನವರಿಯಲ್ಲಿ ನೈಜೀರಿಯಾದಲ್ಲಿ ಇನ್ನೂ ಕಠಿಣ ಕಾನೂನು ಬಂತು. ಅದೇ ತಿಂಗಳು, ತಮ್ಮ ಹುಟ್ಟುಹಬ್ಬದ ಹೊತ್ತಿಗೆ, ಕೀನ್ಯಾದ ಲೇಖಕ ಬಿನ್ಯಾವಂಗ ವೈನೈನ ಒಂದು ಬರಹ ಪ್ರಕಟಿಸಿದರು. ಸಾಯುತ್ತಿರುವ ಅಮ್ಮನ ಹಾಸಿಗೆಯ ಪಕ್ಕ ಕೂತು, ಕೈ ಹಿಡಿದು, ತಾನು ಸಲಿಂಗಿ ಎಂದು ಹೇಳುವ ದೃಶ್ಯ. ಅದು ನಡೆದದ್ದಲ್ಲ. ಅಮ್ಮ 2000ದಲ್ಲೇ ತೀರಿಹೋಗಿದ್ದರು, ಅವರು ಆಗ ದೂರದಲ್ಲಿದ್ದರು. ಹೇಳಬೇಕಿದ್ದ ಮಾತನ್ನು ಬರಹದಲ್ಲಿ ಹೇಳಿದರು. ಇಲ್ಲೂ ಅಮ್ಮನೇ ಬಂದಳು ನೋಡಿ. ವೈನೈನ 2019ರ ಮೇ 21ರಂದು ತೀರಿಕೊಂಡರು. ಮೂರೇ ದಿನಕ್ಕೆ ಕೀನ್ಯಾದ ಹೈಕೋರ್ಟ್ ಆ ಹಳೆಯ ಕಲಮುಗಳನ್ನು ಎತ್ತಿಹಿಡಿಯಿತು.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ‘ಅನೋವಾ’ದಿಂದ. ಚಿಕ್ಕ ನಾಟಕ, ಒಂದು ಸಂಜೆಗೆ ಮುಗಿಯುತ್ತದೆ. ಒಬ್ಬರೇ ಓದಬೇಡಿ. ನಾಲ್ಕು ಜನ ಕೂತು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಅದರಲ್ಲಿ ಒಬ್ಬ ಮುದುಕ, ಒಬ್ಬಳು ಮುದುಕಿ ಊರಿನ ಬಾಯಿಯಾಗಿ ಬರುತ್ತಾರೆ. ಅವರಿಬ್ಬರ ಜೋಡಿಗೆ ಐಡೂ ಇಟ್ಟ ಹೆಸರು ‘ಉಪ್ಪು ಖಾರ ತಿನ್ನುವ ಬಾಯಿ’. ಕೊನೆಯಲ್ಲಿ ಕೋಫಿ ಅಕೊ ಗುಂಡು ಹಾರಿಸಿಕೊಳ್ಳುತ್ತಾನೆ, ಅನೋವಾ ನೀರಿಗೆ ಬೀಳುತ್ತಾಳೆ. ಆಗ ಮುದುಕಿ ಎಲ್ಲ ತಪ್ಪನ್ನೂ ಅನೋವಾಳ ಮೇಲೆ ಹಾಕುತ್ತಾಳೆ. ಮುದುಕ ಒಪ್ಪುವುದಿಲ್ಲ. ಅವಳು ತನಗೆ ತಾನು ನಿಜವಾಗಿದ್ದಳು, ನಮ್ಮ ಚಾಡಿ ಮತ್ತು ತೀರ್ಪುಗಳ ನಡುವೆ ವಾಪಸು ಬರಲಿಲ್ಲ ಅನ್ನುತ್ತಾನೆ.

ಆದರೆ ಐಡೂ ನಿರ್ದೇಶಕರಿಗೆ ಒಂದು ಸೂಚನೆ ಬರೆದಿದ್ದಾರೆ. ಅನೋವಾ ಕೊನೆಯ ಸಲ ರಂಗದಿಂದ ಹೊರಗೆ ಹೋದಾಗಲೇ ನಾಟಕ ನಿಲ್ಲಿಸಬಹುದು, ಇಲ್ಲವೇ ಮುದುಕ ಮುದುಕಿಯನ್ನು ಕರೆಯಬಹುದು, ಆಯ್ಕೆ ನಿಮ್ಮದು ಎಂದು. ನನ್ನ ತರಗತಿಯಲ್ಲಿ ಒಂದು ವರ್ಷ ಮುದುಕಿಯ ಪಾತ್ರ ಓದುತ್ತಿದ್ದ ಹುಡುಗಿ, ‘ಸರ್, ಈ ಮಾತು ನಮ್ಮ ಬೀದಿಯಲ್ಲಿ ದಿನಾ ಕೇಳ್ತೀನಿ, ಇದನ್ನ ಬಿಡಬಾರದು’ ಎಂದಳು. ಅನೋವಾ ಆಗಿದ್ದವಳು ‘ನಾನು ಹೋದ ಮೇಲೆ ಯಾರೂ ಮಾತಾಡಬಾರದು’ ಎಂದು ಪಟ್ಟು ಹಿಡಿದಳು. ಕೊನೆಗೆ ಎರಡು ಸಲ ಓದಿದೆವು. ನೀವು ಓದುವಾಗ ಎಲ್ಲಿ ನಿಲ್ಲಿಸಿದಿರಿ ಎಂದು ನನಗೆ ಬರೆಯಿರಿ.